ಕಪ್ಪು-ಬಿಳುಪು ಛಾಯಾಚಿತ್ರದಲ್ಲಿ ಹೂವು

ಹೂವಿಗೆ ರೂಪ, ಗಂಧ, ವರ್ಣ ಎಂದು ಮೂರು ಸಂಪತ್ತುಗಳು. ಇವುಗಳಲ್ಲಿ ಗಂಧವನ್ನು ಯಾವ ಛಾಯಾಚಿತ್ರವೂ ಹಿಡಿಯಲಾರದು. ಕಪ್ಪು-ಬಿಳುಪಿನ ಛಾಯಾಚಿತ್ರವಾದರೋ ವರ್ಣವನ್ನೂ ಕಳೆದುಬಿಡುತ್ತದೆ. ಮೂರರಲ್ಲಿ ಎರಡನ್ನು ಕಳೆದುಕೊಂಡ ಹೂವಿನ ಚಿತ್ರವನ್ನು ತೆಗೆಯುವದೇತಕ್ಕೆ, ತೆಗೆದವರ ಇತಿಹಾಸವನ್ನು ಬರೆಯುವದೇತಕ್ಕೆ ಎಂದು ವಾಚಕರು ಕೇಳಬಹುದು. ಪೂರ್ವಪಕ್ಷವು ನ್ಯಾಯವಾದದ್ದೇ. ಈಗ ಪ್ರತಿಯೊಬ್ಬರ ಕಿಸೆಯಲ್ಲಿರುವ ಮೊಬೈಲು ಫೋನೇ ಬಣ್ಣದ ಚಿತ್ರವನ್ನು ಕ್ಷಣಾರ್ಧದಲ್ಲಿ ತೆಗೆದುಕೊಡುತ್ತದೆ. ಆದರೆ ನಮ್ಮ ಅಜ್ಜ-ಅಜ್ಜಿಯರ ಕಾಲದ ಚಿತ್ರಗಳು ಬಹುತರವಾಗಿ ಕಪ್ಪು-ಬಿಳುಪಿನವು. ಅವುಗಳಲ್ಲಿ ಹೂ ಮುಡಿದವರಿದ್ದಾರೆ, ಹಾರ ಹಾಕಿಕೊಂಡವರಿದ್ದಾರೆ, ಹೂಗಳಿಂದ ಮುಚ್ಚಿದ ದೇವರಿದ್ದಾನೆ. ಆ ಹೂಗಳ ಕಪ್ಪನ್ನೂ ಬಿಳುಪನ್ನೂ ಎಷ್ಟರ ಮಟ್ಟಿಗೆ ನಂಬಬೇಕೆಂಬದನ್ನು ಅರಿಯದೆ ಆ ಚಿತ್ರಗಳನ್ನು ನೋಡುವದು, ಲಿಪಿಯನ್ನರಿಯದೆ ಶಾಸನವನ್ನು ಓದಹೊರಟಂತೆ.

ಈ ವಿಚಾರಕ್ಕೆ ನನ್ನನ್ನು ಹಚ್ಚಿದ್ದು ನಮ್ಮ ಮನೆಯದೇ ಒಂದು ಚಿತ್ರ. ೧೯೩೧ರ ಮಾರ್ಗಶಿರದಲ್ಲಿ ನಮ್ಮ ಅಜ್ಜಿಯವರ ಲಗ್ನವಾಯಿತು. ಊರೂರು ತಿರುಗುತ್ತಿದ್ದ ಛಾಯಾಚಿತ್ರಗಾರನೊಬ್ಬನು ಅಕ್ಷತೆಯ ಮರುದಿನ ವಧೂವರರ ಚಿತ್ರವನ್ನು ತೆಗೆದನು. ಚಿತ್ರವು ಕೈಗೆ ಬಂದಾಗ ವಧುವಿನ ಮುಡಿಯ ಹೂಗಳು ಇದ್ದಿಲಿನಂತೆ ಕಪ್ಪಾಗಿದ್ದವು; ಅರಿಶಿನ ಹಚ್ಚಿದ ಮುಖವು ಮಸಿ ಹಿಡಿದಂತಿದ್ದಿತು. ಮನೆಯ ಹಿರಿಯ ಹೆಂಗಸೊಬ್ಬರು ಅದನ್ನು ಕಂಡು, ಹುಡುಗಿಯು ಬಾಡಿದ ಹೂ ಮುಡಿದು ಹೊಸ್ತಿಲು ತುಳಿದಳೆಂದರಂತೆ. ಮುಂದೆ ಚೊಚ್ಚಲ ಕೂಸು ತೀರಿಕೊಂಡಾಗ ಆ ಮಾತು ಮತ್ತೆ ಎದ್ದಿತು. ಅಜ್ಜಿಯವರು ಆ ಚಿತ್ರವನ್ನು ಸಂದೂಕದ ತಳಕ್ಕೆ ಹಾಕಿದರು. “ಅದು ಹಳದಿ ಸೇವಂತಿಗಿ, ನಮ್ಮಪ್ಪನ ಹಿತ್ತಲದಾಗಿಂದು, ಮುಂಜಾನೆ ಕಿತ್ತದ್ದು” ಎಂದು ಅವರು ಕಡೆಯವರೆಗೂ ಹೇಳುತ್ತಿದ್ದರು. ಫೋಟೋ ಸುಳ್ಳಾಡುವದುಂಟೇ ಎಂದು ಎಲ್ಲರೂ ನಕ್ಕರು. ಬಾಲಕನಾಗಿದ್ದ ನಾನೂ ನಕ್ಕವರಲ್ಲಿ ಒಬ್ಬನು. ಚಿತ್ರ ನಿಜವೋ ಅಜ್ಜಿ ನಿಜವೋ? ಉತ್ತರಕ್ಕಾಗಿ ಛಾಯಾಚಿತ್ರವಿದ್ಯೆಯ ಮೂಲಕ್ಕೆ ಹೋಗಬೇಕು.

ಈ ವಿದ್ಯೆಗೂ ಸಸ್ಯಗಳಿಗೂ ಹುಟ್ಟಿನಿಂದಲೇ ನಂಟು. ಇಂಗ್ಲಂಡದ ಟಾಲ್ಬಟ್ ಎಂಬ ವಿದ್ವಾಂಸನು ೧೮೩೯ರಲ್ಲಿ ತನ್ನ ಶೋಧವನ್ನು ಲೋಕಕ್ಕೆ ಸಾರಿದಾಗ, ಅವನು ತೋರಿಸಿದ ಮಾದರಿಗಳಲ್ಲಿ ಎಲೆ-ಹೂಗಳ ಅಚ್ಚುಗಳಿದ್ದವು. ಉಪ್ಪಿನ ನೀರಿನಲ್ಲಿ ಅದ್ದಿದ ಕಾಗದಕ್ಕೆ ಬೆಳ್ಳಿಯ ಲವಣದ ದ್ರಾವಣವನ್ನು ಸವರಿ, ಅದರ ಮೇಲೆ ಎಲೆಯನ್ನಿಟ್ಟು ಬಿಸಿಲಿಗೆ ಒಡ್ಡಿದರೆ, ಬಿಸಿಲು ಬಿದ್ದ ಭಾಗವು ಕಪ್ಪಾಗುತ್ತಿದ್ದಿತು. ಎಲೆಯ ನೆರಳಿನ ಭಾಗವು ಬಿಳಿಯಾಗಿ ಉಳಿಯುತ್ತಿದ್ದಿತು. ಆ ದೇಶದ ಆನಾ ಅಟ್ಕಿನ್ಸ್ ಎಂಬ ವಿದುಷಿಯು, ಹರ್ಶೆಲ್ ಪಂಡಿತನು ೧೮೪೨ರಲ್ಲಿ ಕಂಡುಹಿಡಿದ ನೀಲಿಮುದ್ರಣ ಕ್ರಮದಿಂದ ೧೮೪೩ರಲ್ಲಿ ಸಮುದ್ರದ ಪಾಚಿಗಳ ಚಿತ್ರಸಂಪುಟವನ್ನು ಹೊರಡಿಸತೊಡಗಿದಳು. ಮುಂದೆ ಹೂಗಿಡಗಳನ್ನೂ ಹಾಗೆಯೇ ಅಚ್ಚಿಳಿಸಿದಳು. ಇವೆಲ್ಲ ನೆರಳಿನ ಚಿತ್ರಗಳು. ಇವುಗಳಲ್ಲಿ ಹೂವಿನ ಬಣ್ಣದ ಪ್ರಶ್ನೆಯೇ ಏಳುವಂತಿರಲಿಲ್ಲ.

ಯಂತ್ರವನ್ನು ಹೂವಿಗೆ ಎದುರಾಗಿ ನಿಲ್ಲಿಸಿ ಚಿತ್ರ ತೆಗೆದವರಲ್ಲಿ ಫ್ರಾನ್ಸಿನ ಅಡಾಲ್ಫ್ ಬ್ರೌನನು ಮುಖ್ಯನು. ಇವನು ಮುಲ್ಹೌಸ್ ಪಟ್ಟಣದಲ್ಲಿ ಅರಿವೆಗಳಿಗೆ ನಕ್ಷೆ ಬರೆಯುವವನು. ನಕ್ಷೆಗಾರರಿಗೆ ಮಾದರಿಗಳಾಗಲೆಂದು ೧೮೫೪ರಲ್ಲಿ ಸುಮಾರು ೩೦೦ ಹೂಚಿತ್ರಗಳನ್ನು ಪ್ರಕಟಿಸಿದನು. ಗಜೇಂದ್ರಗಡದ ಕೈಮಗ್ಗಗಳನ್ನು ಕಂಡ ನಮ್ಮವರಿಗೆ ಇದರ ಅರ್ಥವು ಬೇಗನೆ ಹೊಳೆದೀತು. ನೇಯುವವನಿಗೆ ಬೇಕಾದದ್ದು ಹೂವಿನ ಅಂಚು, ದಳಗಳ ಸಾಲು, ಬಳ್ಳಿಯ ಬಾಗು; ಬಣ್ಣವು ನೂಲಿನಲ್ಲಿ ಬರುತ್ತದೆ. ಆ ಕಾಲದ ಗಾಜಿನ ಫಲಕಕ್ಕೆ ಮದ್ದು ಸವರಿ ಅದು ಒಣಗುವ ಮೊದಲೇ ಚಿತ್ರವನ್ನು ತೆಗೆದು ತೊಳೆಯಬೇಕಾಗಿದ್ದಿತು. ಗಾಳಿಗೆ ದಳವೊಂದು ಅಲುಗಿದರೂ ಕೆಲಸ ಕೆಟ್ಟಂತೆಯೇ.

ನಮ್ಮ ಸೀಮೆಗೂ ಈ ವಿದ್ಯೆಯು ತಡವಾಗಿ ಬರಲಿಲ್ಲ. ೧೮೫೫ರಲ್ಲಿ ಮುಂಬಯಿ ಸರಕಾರವು ಕ್ಯಾಪ್ಟನ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ವಿಜಾಪುರ, ಬಾದಾಮಿ ಮುಂತಾದ ಸ್ಥಳಗಳ ಪ್ರಾಚೀನ ಕಟ್ಟಡಗಳ ಛಾಯಾಚಿತ್ರಗಳನ್ನು ತೆಗೆಯಲು ನಿಯಮಿಸಿತು. ಅವನ ತರುವಾಯ ಆ ಕೆಲಸವು ಡಾಕ್ಟರ್ ಪಿಗೂ ಎಂಬ ವೈದ್ಯನಿಗೆ ಬಂದಿತು. ಇವರಿಬ್ಬರೂ ಡಾಕ್ಟರ್ ನೀಲ್ ಎಂಬವನೂ ತೆಗೆದ ಚಿತ್ರಗಳು, ಮೆಡೋಜ್ ಟೇಲರ್ ಮತ್ತು ಫರ್ಗ್ಯುಸನ್ ಇವರ ಬರಹಗಳೊಡನೆ, ಧಾರವಾಡ ಮತ್ತು ಮೈಸೂರು ಸೀಮೆಗಳ ಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ನಮ್ಮ ನೆರೆಯ ಲಕ್ಕುಂಡಿಯ ದೇವಾಲಯಗಳು ಅದರಲ್ಲಿವೆ. ಜೀವಂತ ಹೂವಿಗಿಂತ ಮೊದಲು ನಮ್ಮ ನಾಡಿನ ಕಲ್ಲಿನ ಹೂವು ಛಾಯಾಚಿತ್ರಗಾರರ ಲಕ್ಷ್ಯವನ್ನು ಸೆಳೆಯಿತೆಂಬದು ಸೋಜಿಗವೇನೂ ಅಲ್ಲ. ಕಲ್ಲಿನ ಹೂವು ಗಾಳಿಗೆ ಅಲುಗುವದಿಲ್ಲ, ಬಿಸಿಲಿಗೆ ಬಾಡುವದಿಲ್ಲ; ಅದಕ್ಕೆ ಕಳೆದುಕೊಳ್ಳಲು ಬಣ್ಣವೂ ಇಲ್ಲ. ಬಳಪದ ಕಲ್ಲಿನಲ್ಲಿ ಬೆಳಕು ಮತ್ತು ನೆರಳು ಎರಡೇ ಹೂವನ್ನು ಅರಳಿಸುತ್ತವೆ. ೧೧೧೨ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದ ಬಳ್ಳಿಗಳನ್ನು ಸಂಜೆಯ ಓರೆ ಬಿಸಿಲಿನಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು-ಬಿಳುಪಿನ ಚಿತ್ರವು ಕಲ್ಲಿನ ಹೂವಿಗೆ ಎಳ್ಳಷ್ಟೂ ಅನ್ಯಾಯ ಮಾಡಲಿಲ್ಲ.

ಅನ್ಯಾಯವಾದದ್ದು ಹೊಲದ ಹೂವಿಗೆ. ಬೆಳ್ಳಿಯ ಲವಣಗಳಿಗೆ ಸ್ವಭಾವತಃ ನೀಲ ಮತ್ತು ನೇರಿಳೆ ಕಿರಣಗಳು, ಮತ್ತು ನಮ್ಮ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳು ಮಾತ್ರ ತಗಲುತ್ತವೆ. ಹಳದಿ, ಕೆಂಪು ಬೆಳಕುಗಳು ಅವುಗಳ ಮಟ್ಟಿಗೆ ಕತ್ತಲೆಯೇ. ಬೆಳಕು ತಗಲಿದ ಸ್ಥಳವು ಮೂಲಫಲಕದಲ್ಲಿ ಕಪ್ಪಾಗಿ, ಅದರಿಂದ ಇಳಿಸಿದ ಪ್ರತಿಯಲ್ಲಿ ಬೆಳ್ಳಗೆ ಮೂಡುತ್ತದೆ. ತಗಲದ ಸ್ಥಳವು ಪ್ರತಿಯಲ್ಲಿ ಕಪ್ಪಾಗುತ್ತದೆ. ಆದುದರಿಂದ ನೀಲಿಯ ವಸ್ತುವು ಬಿಳಿದಾಗಿಯೂ, ಹಳದಿ-ಕೆಂಪು ವಸ್ತುಗಳು ಕಪ್ಪಾಗಿಯೂ ತೋರುತ್ತವೆ. ಆ ಕಾಲದ ಚಿತ್ರಗಳಲ್ಲಿ ಆಕಾಶವು ಬರಿಯ ಬಿಳಿಯ ಕಾಗದದಂತೆ ಕಾಣುವದೂ ಇದರಿಂದಲೇ.

ನಮ್ಮ ರಾಜೂರಿನ ಎರೆಹೊಲವೊಂದನ್ನು ಹಿಂಗಾರಿಯ ದಿನಗಳಲ್ಲಿ ಊಹಿಸಿರಿ. ಬಿಳಿಜೋಳದ ಸುತ್ತಲೂ ದನ ನುಗ್ಗದಂತೆ ಬಿತ್ತಿದ ಮುಳ್ಳಿನ ಕುಸುಬಿಯ ಸಾಲು. ಪಕ್ಕದ ಹೊಲದಲ್ಲಿ ಅಗಸೆ. ಕುಸುಬಿಯ ಹೂವು ಅರಳುವಾಗ ಹಳದಿ, ಮಾಗುವಾಗ ಕೆಂಪು. ಅಮರಕೋಶವು ಇದಕ್ಕೆ ವಹ್ನಿಶಿಖವೆಂಬ ಹೆಸರನ್ನೂ ಕೊಟ್ಟಿದೆ. ಬೆಂಕಿಯ ನಾಲಗೆಯಂಥದೆಂದು ಅರ್ಥ. ಅಗಸೆಯ ಹೂವಾದರೋ ಮುಂಜಾನೆ ಅರಳಿ ಮಧ್ಯಾಹ್ನಕ್ಕೆ ಉದುರುವ ನೀಲಿ. ಭಗವಂತನ ಶ್ಯಾಮಲ ಮೈಬಣ್ಣಕ್ಕೆ ನಮ್ಮ ಸ್ತೋತ್ರಕಾರರು ಕೊಡುವ ಉಪಮಾನ. ೧೮೫೫ರ ಫಲಕದ ಮುಂದೆ ಈ ಹೊಲಗಳನ್ನಿಟ್ಟಿದ್ದರೆ ಬೆಂಕಿಯ ನಾಲಗೆಯು ಇದ್ದಿಲಾಗುತ್ತಿದ್ದಿತು, ಶ್ಯಾಮಲನು ಶ್ವೇತನಾಗುತ್ತಿದ್ದನು! ಕಾಮಾಲೆಯಾದವನ ಕಣ್ಣಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುತ್ತದೆಂದು ನಮ್ಮ ಶಾಸ್ತ್ರಕಾರರು ದೃಷ್ಟಾಂತ ಕೊಡುತ್ತಾರೆ. ದೋಷವು ಶಂಖದಲ್ಲಿಲ್ಲ, ಕರಣದಲ್ಲಿದೆ. ಛಾಯಾಚಿತ್ರದ ಫಲಕವೂ ಒಂದು ಕರಣವೇ. ಅದರ ಕಾಮಾಲೆಯನ್ನು ಗುರುತಿಸದೆ ಅದರ ಸಾಕ್ಷ್ಯವನ್ನು ಪ್ರತ್ಯಕ್ಷಪ್ರಮಾಣವೆಂದು ಸ್ವೀಕರಿಸಲಾಗದು.

ಈ ಕಾಮಾಲೆಗೆ ಮದ್ದು ದೊರೆತದ್ದು ಬರ್ಲಿನ್ನಿನಲ್ಲಿ. ೧೮೭೩ರಲ್ಲಿ ಹರ್ಮನ್ ಫೋಗಲ್ ಎಂಬ ರಸಾಯನಶಾಸ್ತ್ರಜ್ಞನು, ಫಲಕದ ಮದ್ದಿಗೆ ತಕ್ಕ ಬಣ್ಣವೊಂದನ್ನು ಬೆರೆಸಿದರೆ, ಆ ಬಣ್ಣವು ಹೀರಿಕೊಳ್ಳುವ ಬೆಳಕು ಫಲಕಕ್ಕೂ ತಗಲುತ್ತದೆಂದು ಕಂಡುಕೊಂಡನು. ಮರುವರ್ಷವೇ ಫ್ರಾನ್ಸಿನ ಬೆಕರೆಲನು ಎಲೆಯ ಹಸುರನ್ನೇ ಬೆರೆಸಿ, ಫಲಕಕ್ಕೆ ಕೆಂಪು ಬೆಳಕೂ ತಗಲುವಂತೆ ಮಾಡಿ ತೋರಿಸಿದನು. ಬಣ್ಣವನ್ನು ಕಾಣದ ಗಾಜಿಗೆ ಬಣ್ಣವನ್ನೇ ಉಣಿಸಿ ದೃಷ್ಟಿ ಬರಿಸಿದ ಈ ಉಪಾಯವು ಎಷ್ಟು ಸರಳವೋ ಅಷ್ಟೇ ಗಹನವಾದದ್ದು. ೧೮೮೦ರ ದಶಕದಲ್ಲಿ ಹಸುರು-ಹಳದಿಗಳನ್ನು ಕಾಣಬಲ್ಲ ಆರ್ಥೋಕ್ರೊಮ್ಯಾಟಿಕ್ ಫಲಕಗಳು ಮಾರಾಟಕ್ಕೆ ಬಂದವು. ಇವು ಕೂಡ ಕೆಂಪನ್ನು ಕಾಣುತ್ತಿರಲಿಲ್ಲ. ಅದರಿಂದಲೇ ಚಿತ್ರ ತೊಳೆಯುವ ಕತ್ತಲೆಕೋಣೆಯಲ್ಲಿ ಕೆಂಪು ದೀಪವನ್ನು ನಿರ್ಭಯದಿಂದ ಹಚ್ಚುತ್ತಿದ್ದರು. ೧೯೦೬ರಲ್ಲಿ ಇಂಗ್ಲಂಡದ ರಾಟನ್ ಮತ್ತು ವೇನ್‌ರೈಟ್ ಕಂಪನಿಯು ಎಲ್ಲ ಬಣ್ಣಗಳನ್ನೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಫಲಕವನ್ನು ಹೊರತಂದಿತು. ಆದರೆ ಹೊಸದು ಬಂದ ಮಾತ್ರಕ್ಕೆ ಹಳೆಯದು ಹೋಗಲಿಲ್ಲ. ಅಗ್ಗವಾದ ಸಾದಾ ಫಲಕಗಳು ಮುಂದೆಯೂ ಬಹುಕಾಲ ಬಳಕೆಯಲ್ಲಿದ್ದವು.

ಕಾಮಾಲೆ ಹೋದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಕೆಂಪು ದಾಸವಾಳವೂ ಅದರ ಹಸುರೆಲೆಯೂ ಕಣ್ಣಿಗೆ ಎಷ್ಟೇ ಬೇರೆಯಾಗಿ ಕಂಡರೂ, ಹೊಸ ಫಲಕದ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಬೂದುಬಣ್ಣದಲ್ಲಿ ಮೂಡಿ, ಹೂವು ಎಲೆಯಲ್ಲಿ ಮುಳುಗಿಹೋಗುತ್ತದೆ. ಮಸೂರದ ಮುಂದೆ ಕೆಂಪು ಗಾಜನ್ನಿಟ್ಟರೆ ಹೂವು ಬೆಳಗಾಗಿ ಎಲೆಯು ಕಪ್ಪಾಗುತ್ತದೆ. ಹಸುರು ಗಾಜನ್ನಿಟ್ಟರೆ ಇದರ ವಿಪರೀತ. ಎರಡರಲ್ಲಿ ನಿಜವಾವುದು? ಎರಡೂ ಅಲ್ಲ. ಬೂದುಬಣ್ಣಗಳಲ್ಲಿ ಕೆಂಪಿಗೆ ಇಂಥದೇ ಸ್ಥಾನವೆಂದು ಪ್ರಕೃತಿಯು ನಿಯಮಿಸಿಲ್ಲ. ಅದನ್ನು ಚಿತ್ರಗಾರನೇ ಗೊತ್ತುಮಾಡಬೇಕು. ಕಪ್ಪು-ಬಿಳುಪಿನ ಹೂಚಿತ್ರವು ಹೂವಿನ ನಕಲಲ್ಲ, ಹೂವಿನ ಭಾಷಾಂತರ.

ಇಂಥ ಭಾಷಾಂತರವನ್ನು ಪರಾಕಾಷ್ಠೆಗೆ ಮುಟ್ಟಿಸಿದವನು ಒಬ್ಬ ಉಪಾಧ್ಯಾಯನೆಂಬದು ನನ್ನಂಥವನಿಗೆ ಅಭಿಮಾನದ ವಿಷಯ. ಕಾರ್ಲ್ ಬ್ಲಾಸ್‌ಫೆಲ್ಟನು ಬರ್ಲಿನ್ನಿನ ಕಲಾಶಾಲೆಯಲ್ಲಿ ಸಸ್ಯಗಳ ಮಾದರಿಯಿಂದ ಆಕೃತಿಗಳನ್ನು ರಚಿಸುವ ಪಾಠವನ್ನು ಹೇಳುತ್ತಿದ್ದನು. ಪಾಠಕ್ಕೆ ಬೇಕೆಂದು, ತಾನೇ ಕಟ್ಟಿಕೊಂಡ ಯಂತ್ರದಿಂದ, ಮೊಗ್ಗು, ಕುಡಿ, ಬೀಜಕೋಶಗಳನ್ನು ಹಲವು ಪಟ್ಟು ದೊಡ್ಡದಾಗಿಸಿ ಮೂವತ್ತು ವರ್ಷಗಳ ಕಾಲ ಚಿತ್ರ ತೆಗೆದನು. ೧೯೨೮ರಲ್ಲಿ, ಅವನ ೬೩ನೆಯ ವಯಸ್ಸಿನಲ್ಲಿ, ಅವುಗಳಲ್ಲಿ ೧೨೦ ಚಿತ್ರಗಳು ಗ್ರಂಥವಾಗಿ ಹೊರಬಂದವು. ಬಣ್ಣವಿಲ್ಲದ್ದರಿಂದಲೇ ಅವುಗಳಲ್ಲಿ ಜರಿಗಿಡದ ಸುರುಳಿಯು ಲೋಹದ ಕೆಲಸದಂತೆಯೂ ಕಾಂಡವು ಕಂಬದಂತೆಯೂ ಕಾಣುತ್ತದೆ. ಲಕ್ಕುಂಡಿಯ ರೂವಾರಿಯು ಹೂವಿನಿಂದ ಕಲ್ಲಿಗೆ ಒಯ್ದದ್ದನ್ನೇ ಈ ಉಪಾಧ್ಯಾಯನು ಹೂವಿನಿಂದ ಕಾಗದಕ್ಕೆ ಒಯ್ದನೆನ್ನಬಹುದು.

ಆದರೆ ಗಿಡವನ್ನು ಗುರುತಿಸಬೇಕಾದವರಿಗೆ ರೂಪವೊಂದೇ ಸಾಲದು. ಬ್ಲಾಟರ್ ಪಾದ್ರಿಯೂ ಮಿಲರ್ಡನೂ ಕೂಡಿ ಬರೆದು ೧೯೩೭ರಲ್ಲಿ ಮುಂಬಯಿಯಿಂದ ಪ್ರಕಟವಾದ, ಭಾರತದ ಚೆಲುವಾದ ವೃಕ್ಷಗಳನ್ನು ಕುರಿತ ಗ್ರಂಥದಲ್ಲಿ ಕಪ್ಪು-ಬಿಳುಪಿನ ಛಾಯಾಚಿತ್ರಗಳ ಜತೆಗೆ ಬಣ್ಣದ ಚಿತ್ರಗಳನ್ನೂ ಸೇರಿಸಿದರು. ಛಾಯಾಚಿತ್ರವು ಮರದ ನಿಲುವನ್ನು ಹೇಳಬಲ್ಲುದು. ಮುತ್ತಲದ ಹೂವಿನ ಕಿಡಿಯನ್ನು ಕುಂಚವೇ ಹೇಳಬೇಕು. ಕನ್ನಡದಲ್ಲಿ ಬಿ. ಜಿ. ಎಲ್. ಸ್ವಾಮಿಯವರು ೧೯೭೬ರ ‘ಹಸುರು ಹೊನ್ನು’ ಗ್ರಂಥದಲ್ಲಿ ತಮ್ಮ ಕೈಯಿಂದಲೇ ಬರೆದ ರೇಖಾಚಿತ್ರಗಳನ್ನು ಆಶ್ರಯಿಸಿದರು. ಬಣ್ಣದ ಕೆಲಸವನ್ನು ಅವರ ಮಾತುಗಳು ಮಾಡಿದವು.

ಇನ್ನು ನಮ್ಮ ಮನೆಯ ಚಿತ್ರ. ಈ ಸಂಗತಿಗಳನ್ನು ಓದಿ ತಿಳಿದ ಮೇಲೆ ಒಂದು ದಿನ ನಾನು ಅದನ್ನು ಸಂದೂಕದಿಂದ ತೆಗೆದು ನೋಡಿದೆನು. ಅಜ್ಜಿಯವರ ಕುಬಸವು ಅದರಲ್ಲಿ ಬೆಳ್ಳಗಿದೆ. ಆ ಕುಬಸದ ಕಣವು ಈಗಲೂ ನಮ್ಮಲ್ಲಿದೆ, ಅದು ನೀಲಿ. ಕುಂಕುಮವು ಕಪ್ಪಾಗಿದೆ, ಅರಿಶಿನವು ಮಸಿಯಾಗಿದೆ, ಅಜ್ಜನ ಕೆಂಪು ರುಮಾಲೂ ಕಪ್ಪೇ. ನೀಲಿಯನ್ನು ಬಿಳುಪೆಂದು, ಅರಿಶಿನವನ್ನು ಮಸಿಯೆಂದು ಹೇಳುವ ಸಾಕ್ಷಿಯು ಹೂವಿನ ವಿಷಯದಲ್ಲಿ ಮಾತ್ರ ನಿಜ ಹೇಳೀತೇ? ಹಳದಿಯೂ ಕಪ್ಪಾಗಿರುವದರಿಂದ, ಅದು ಸಾದಾ ಫಲಕವೇ ಸರಿ. ಮುಡಿಯ ಹೂವು ಹಳದಿ ಸೇವಂತಿಗೆಯಾಗಿದ್ದಿತೆಂಬದಕ್ಕೆ ಬಾಧಕವೇನೂ ಉಳಿಯಲಿಲ್ಲ. ಬಾಡಿದ ಹೂವೆಂಬ ಮಾತಿಗೆ ಆಧಾರವೇ ಉಳಿಯಲಿಲ್ಲ. ಆದರೆ ಈ ನಿರ್ಣಯವನ್ನು ಕೇಳಬೇಕಾದವರು ತೀರಿಹೋಗಿ ಆಗಲೇ ಬಹಳ ವರ್ಷಗಳಾಗಿದ್ದವು. ಒಂದು ಗಾಜಿನ ತುಂಡಿಗೆ ಹಳದಿಯನ್ನು ಕಾಣುವ ಶಕ್ತಿ ಇರಲಿಲ್ಲವೆಂಬ ಕಾರಣಕ್ಕೆ ಒಬ್ಬ ಹೆಣ್ಣುಮಗಳು ಐವತ್ತು ವರ್ಷ ಒಂದು ಮಾತನ್ನು ಹೊತ್ತುಕೊಂಡು ಬಾಳಿದಳು.

ಆದುದರಿಂದ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಮನೆಯ ಹಳೆಯ ಚಿತ್ರಗಳನ್ನು ಹೊರಗೆ ತೆಗೆಯಿರಿ. ಅವುಗಳಲ್ಲಿರುವವರನ್ನೂ ಆ ದಿನವನ್ನೂ ಬಲ್ಲ ಹಿರಿಯರು ಇನ್ನೂ ಇದ್ದರೆ, ಯಾವ ಹೂವು, ಯಾವ ಬಣ್ಣ, ಯಾರ ಹಿತ್ತಿಲದು ಎಂದು ಕೇಳಿ, ಚಿತ್ರದ ಹಿಂಬದಿಯಲ್ಲಿ ಮೆಲ್ಲನೆ ಸೀಸದಕಡ್ಡಿಯಿಂದ ಬರೆದಿಡಿರಿ. ಕುಸುಬಿಯ ಹೊಲಗಳೇ ನಮ್ಮ ಕಡೆಗೆ ಅಪರೂಪವಾಗುತ್ತಿರುವ ಈ ಕಾಲದಲ್ಲಿ ಮುಂದಿನವರು ಕಣ್ಣಾರೆ ಕಂಡು ತಿಳಿಯುವ ಅವಕಾಶವೂ ಕಡಿಮೆ. ನಾನು ಅಜ್ಜಿಯವರ ಚಿತ್ರಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗಹಾಕಿದ್ದೇನೆ. ಅದರ ಹಿಂದೆ ಬರೆದದ್ದು ಇಷ್ಟೇ: ಹಳದಿ ಸೇವಂತಿಗೆ, ತವರಿನ ಹಿತ್ತಿಲದು, ಆ ದಿನ ಮುಂಜಾನೆ ಕಿತ್ತದ್ದು.