ಓಯ್ಗ್‌ಸ್ಟರ್ ಗೂಡಿನ ಜೇನು: ಬೊವೇರಿಯ ಕೊನೆಯ ಸಾಕ್ಷ್ಯ

ಗಂಡು ಹೆಣ್ಣಿನ ಲಕ್ಷಣ ಒಂದೇ ಮೈಯಲ್ಲಿ ಬೆರೆತ ಕೀಟಗಳ ಬಗ್ಗೆ ಬರೆಯುವವರು ಜೀವವಿಜ್ಞಾನಿ ಥಿಯೊಡೋರ್ ಬೊವೇರಿಯನ್ನು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ: ಇಂಥವು ಹುಟ್ಟುವ ಬಗೆಯನ್ನು 1888ರಲ್ಲಿ ಆತ ಊಹಿಸಿದ, ತಳಿವಿಜ್ಞಾನಿ ಮಾರ್ಗನ್ ಅದನ್ನು ತಳ್ಳಿಹಾಕಿದ. ಬೊವೇರಿಯ 1915ರ ಪ್ರಬಂಧವನ್ನು ತೆರೆದೂ ನೋಡದೆ ಕೊಟ್ಟ ತೀರ್ಪು ಇದು.

ವ್ಯಾಜ್ಯದ ಮೂಲ, ಜರ್ಮನಿಯ ಕಾನ್‌ಸ್ಟಾನ್ಸಿನಲ್ಲಿ ಓಯ್ಗ್‌ಸ್ಟರ್ ಎಂಬವರು ಸಾಕಿದ್ದ ಜೇನು. 1864ರಲ್ಲಿ ಪ್ರಾಣಿವಿಜ್ಞಾನಿ ಫಾನ್ ಸೀಬೋಲ್ಡ್ ಅವನ್ನು ವರ್ಣಿಸಿದ. ನಮ್ಮ ಲೇಖಕರಿಗೆ ಪ್ರಿಯವಾದ ‘ಅರ್ಧನಾರೀಶ್ವರ’ ಎಂಬ ಮಾತು ಇವಕ್ಕೆ ಹೊಂದುವುದಿಲ್ಲ. ಎಡ ಬಲ ಸರಿಯಾಗಿ ಸೀಳಿದವು ಇದ್ದರೂ, ತಲೆ ಒಂದು ಲಿಂಗದ್ದು, ಹೊಟ್ಟೆ ಇನ್ನೊಂದರದ್ದು ಎಂಬಂಥ ಅಡ್ಡಾದಿಡ್ಡಿ ಬೆರಕೆಗಳೂ ಅಲ್ಲಿದ್ದವು.

ಗಂಡುಜೇನು ಫಲಿತವಾಗದ ಮೊಟ್ಟೆಯಿಂದ ಹುಟ್ಟುತ್ತದೆ, ಹೆಣ್ಣು ಫಲಿತವಾದದ್ದರಿಂದ. ಹಾಗಾದರೆ ಬೆರಕೆಯ ಮೈಯಲ್ಲಿ ಗಂಡು ಭಾಗ ಎಲ್ಲಿಂದ ಬಂತು? ಮೊಟ್ಟೆಯ ಕೋಶಕೇಂದ್ರ ಮೊದಲೇ ಇಬ್ಭಾಗವಾಗಿ, ವೀರ್ಯಾಣು ಒಂದು ಪಾಲನ್ನಷ್ಟೇ ಸೇರಿತು ಎಂದ ಬೊವೇರಿ. ಅವನ ಪ್ರಕಾರ ಗಂಡು ಭಾಗ ತಾಯಿಯದೇ. ಮೊಟ್ಟೆಗೆ ಹೆಚ್ಚುವರಿ ವೀರ್ಯಾಣು ನುಗ್ಗಿ ತಾನೇ ಬೆಳೆಯಿತು ಎಂದ ಮಾರ್ಗನ್, 1905ರಲ್ಲಿ. ಹಾಗಿದ್ದರೆ ಗಂಡು ಭಾಗ ತಂದೆಯದು.

ಇಲ್ಲೇ ಓಯ್ಗ್‌ಸ್ಟರ್ ಗೂಡಿನ ಮಹತ್ವ. ರಾಣಿ ಇಟಲಿಯ ತಳಿ, ಕೂಡಿದ ಗಂಡು ಜರ್ಮನಿಯ ಕಪ್ಪು ತಳಿ. ತಳಿ ಬೇರೆಯಾದ್ದರಿಂದ ಯಾರ ಪಾಲು ಯಾವುದು ಎಂದು ಕೇಳುವುದು ಸಾಧ್ಯವಾಯಿತು. ಸೀಬೋಲ್ಡ್ ಉಳಿಸಿದ್ದ ಮಾದರಿಗಳನ್ನು ಅರ್ಧ ಶತಮಾನದ ಬಳಿಕ ಪರೀಕ್ಷಿಸಿದ ಬೊವೇರಿಗೆ ಗಂಡು ಭಾಗದಲ್ಲಿ ಕಂಡದ್ದು ತಾಯಿಯ ತಳಿ. ಐವತ್ತು ವರ್ಷ ಹಳೆಯ ಮಾದರಿಯ ಬಣ್ಣ ಮಾಸಿರದೇ ಎಂಬ ಆಕ್ಷೇಪ ಸಹಜ. ಆದರೆ ಮಾಸುವುದಿದ್ದರೆ ಇಡೀ ಹುಳುವೇ ಮಾಸಬೇಕು. ಎರಡು ಭಾಗಗಳನ್ನೂ ಹೊತ್ತ ಮೈ ಒಂದೇ, ಅದು ಕಳೆದ ಕಾಲವೂ ಒಂದೇ. ಹೋಲಿಕೆ ಆ ಮೈಯೊಳಗೇ ಇರುವಾಗ ಹೊರಗಿನ ಕಾರಣಕ್ಕೆ ಅಷ್ಟು ಬಲ ಸಾಲದು. (ಬೊವೇರಿಯ ಪಕ್ಷ ವಹಿಸಿದ್ದೇನೆಂದು ಯಾರಾದರೂ ಹೇಳಿದರೆ ಅಲ್ಲಗಳೆಯಲಾರೆ.) ಈ ಪ್ರಬಂಧ ಬಂದ 1915ರ ಅಕ್ಟೋಬರಿನಲ್ಲೇ ಬೊವೇರಿ ತೀರಿಕೊಂಡ. ವಾದ ಮುಂದುವರಿಸಲು ಅವನಿರಲಿಲ್ಲ.

1919ರಲ್ಲಿ ಮಾರ್ಗನ್ ಮತ್ತು ಬ್ರಿಜಸ್ ಹಣ್ಣುನೊಣದಲ್ಲಿ ಬೇರೊಂದೇ ದಾರಿ ತೋರಿಸಿದರು: ಹೆಣ್ಣಾಗಿ ಹೊರಟ ಭ್ರೂಣದ ಕೆಲವು ಕೋಶಗಳು ಒಂದು ಎಕ್ಸ್ ವರ್ಣತಂತುವನ್ನು ಕಳೆದುಕೊಂಡರೆ ಆ ಭಾಗ ಗಂಡಾಗುತ್ತದೆ. ಪಠ್ಯಪುಸ್ತಕಗಳು ಇದನ್ನು ಬೊವೇರಿಯ ಸಮಾಧಿಶಿಲೆಯಾಗಿಸಿದವು. ಆದರೆ ಜೇನಿನಲ್ಲಿ ಲಿಂಗ ನಿರ್ಧಾರ ಎಕ್ಸ್ ಎಣಿಕೆಯಿಂದ ಆಗುವುದೇ ಇಲ್ಲ. ನೊಣದ ಉತ್ತರವನ್ನು ಜೇನಿನ ಪ್ರಶ್ನೆಗೆ ಅಂಟಿಸಿದ್ದು ಬರೀ ಸೋಮಾರಿತನ.

ಬೊವೇರಿಗೆ ಎದುರಾದ ಗಟ್ಟಿ ಸಾಕ್ಷ್ಯ ಬೇರೆ. ರೋಥೆನ್‌ಬೂಲರ್ ಮತ್ತು ಸಂಗಡಿಗರು 1952ರಲ್ಲಿ ವರದಿ ಮಾಡಿದ ಬೆರಕೆ ಜೇನುಗಳಲ್ಲಿ ಗಂಡು ಭಾಗ ತಂದೆಯಿಂದ ಬಂದಿತ್ತು, ಮಾರ್ಗನ್ ಹೇಳಿದಂತೆಯೇ. ಇದನ್ನು ಒಪ್ಪುತ್ತೇನೆ. ಆದರೆ ಅಮೆರಿಕದ ಆ ಜೇನಿನಿಂದ ಕಾನ್‌ಸ್ಟಾನ್ಸಿನ ಜೇನಿನ ತೀರ್ಪು ಬರೆಯಲಾಗದು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ 11 ಜೇನುಗಳ ವಂಶವಾಹಿಗಳನ್ನು ನೋಡಿದಾಗ, ತಂದೆತಾಯಿಗಳ ಪಾಲು ಹುಳುವಿನಿಂದ ಹುಳುವಿಗೆ ಬದಲಾಗಿತ್ತು. ಅವುಗಳಲ್ಲೊಂದಕ್ಕೆ ತಂದೆಯರು ಇಬ್ಬರು, ತಾಯಿಯೇ ಇರಲಿಲ್ಲ.