ಹನ್ನೆರಡಕ್ಕೊಂದು ಹೆಸರು: ಡಜನ್

ಬಳೆಯಂಗಡಿಯಲ್ಲಿ ಗಾಜಿನ ಬಳೆಗಳನ್ನು ಕೊಳ್ಳುವಾಗಲೂ ದಿನಸಿ ಅಂಗಡಿಯಲ್ಲಿ ಮೊಟ್ಟೆಗಳನ್ನು ಕೇಳುವಾಗಲೂ 'ಡಜನ್' ಎಂಬ ಪದ ನಮ್ಮ ಬಾಯಲ್ಲಿ ಸರಾಗವಾಗಿ ಬರುತ್ತದೆ. ಅದು ಇಂಗ್ಲಿಷಿನಿಂದ ಬಂದುದೆಂಬ ನೆನಪೂ ಆಗ ನಮಗಿರುವುದಿಲ್ಲ. ಹನ್ನೆರಡು ಎನ್ನಲು ನಮ್ಮದೇ ಪದವಿರುವಾಗ ಡಜನ್ ಏಕೆ ಬೇಕಾಯಿತು? ಅದರ ಚರಿತ್ರೆಯನ್ನು ಕೊಂಚ ಅವಲೋಕಿಸೋಣ.

ಲ್ಯಾಟಿನ್ ಭಾಷೆಯಲ್ಲಿ 'ದುಓ' ಎಂದರೆ ಎರಡು, 'ದೆಕೆಮ್' ಎಂದರೆ ಹತ್ತು. ಇವೆರಡೂ ಕೂಡಿ 'ದುಓದೆಕಿಮ್' ಆಯಿತು. ನಮ್ಮ ಹತ್ತೂ ಎರಡೂ ಕೂಡಿ ಹನ್ನೆರಡಾದಂತೆಯೇ ಇದೂ. ಫ್ರೆಂಚರ ನಾಲಗೆಯಲ್ಲಿ ಅದು 'ದೂಜ್' ಎಂದು ಸವೆಯಿತು. ಹನ್ನೆರಡರ ಗುಂಪಿಗೆ 'ದೂಜೇನ್' ಎಂಬ ಹೆಸರಾಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಫ್ರೆಂಚ್ ಅಲ್ಲಿ ಅರಮನೆಯ ಭಾಷೆಯಾಯಿತು. 1300ರ ಆಸುಪಾಸಿನಲ್ಲಿ ಈ ಪದ ಇಂಗ್ಲಿಷರ ಬಳಕೆಗೂ ಬಂದಿತು. ಹನ್ನೆರಡು ಡಜನ್, ಅಂದರೆ 144ಕ್ಕೆ ಹೇಳುವ 'ಗ್ರೋಸ್' ಕೂಡ ಫ್ರೆಂಚಿನದೇ. 'ದೊಡ್ಡ ಡಜನ್' ಎಂಬುದು ಅದರ ಮೂಲಾರ್ಥ.

ವ್ಯಾಪಾರಕ್ಕೆ ಹನ್ನೆರಡು ಬಹು ಅನುಕೂಲದ ಸಂಖ್ಯೆ. ಹತ್ತನ್ನು ಒಡೆಯದೆ ಹಂಚಬೇಕಾದರೆ ಎರಡು ಅಥವಾ ಐದು ಸಮಪಾಲು ಮಾಡಬಹುದು, ಅಷ್ಟೆ. ಹನ್ನೆರಡನ್ನಾದರೋ ಎರಡು, ಮೂರು, ನಾಲ್ಕು, ಆರು ಪಾಲು ಮಾಡಬಹುದು. ಇಂಗ್ಲೆಂಡಿನಲ್ಲಿ 1971ರವರೆಗೂ ಒಂದು ಶಿಲಿಂಗಿಗೆ 12 ಪೆನ್ಸ್ ಇದ್ದವು. ನಮ್ಮಲ್ಲಿಯೂ 1957ರಲ್ಲಿ ದಶಮಾಂಶ ನಾಣ್ಯಪದ್ಧತಿ ಬರುವ ತನಕ ಒಂದು ಆಣೆಗೆ 12 ಪೈಗಳ ಲೆಕ್ಕವಿತ್ತು. ಆಣೆ ಹೋಯಿತು, ಡಜನ್ ಉಳಿಯಿತು.

ಇಂಗ್ಲಿಷಿನಲ್ಲಿ 'ಬೇಕರಿಯವನ ಡಜನ್' ಎಂಬ ಮಾತೊಂದಿದೆ. ಅದು ಹನ್ನೆರಡಲ್ಲ, ಹದಿಮೂರು! ಮೂರನೆಯ ಹೆನ್ರಿಯ ಕಾಲದಲ್ಲಿ, 1266ರ ಸುಮಾರಿಗೆ, ಗೋಧಿಯ ಬೆಲೆಗೆ ತಕ್ಕಂತೆ ರೊಟ್ಟಿಯ ತೂಕವನ್ನು ಗೊತ್ತುಪಡಿಸುವ ಕಾನೂನು ಬಂದಿತು. ಬಡವನ ಮುಖ್ಯ ಆಹಾರವೇ ರೊಟ್ಟಿ. ತೂಕ ಕಡಿಮೆಯಾದರೆ ಪೆಟ್ಟು ಬೀಳುವುದು ಅವನ ಹೊಟ್ಟೆಗೆ. ಆದ್ದರಿಂದ ತಪ್ಪಿತಸ್ಥರಿಗೆ ದಂಡವಿತ್ತು. ಅಪರಾಧ ಹೆಚ್ಚಿದರೆ ಕತ್ತನ್ನೂ ಕೈಗಳನ್ನೂ ಮರದ ಹಲಗೆಯಲ್ಲಿ ಸಿಕ್ಕಿಸಿ ಜನರೆದುರು ನಿಲ್ಲಿಸುವ ಶಿಕ್ಷೆಯೂ ಇತ್ತು. ತೂಕ ಕಡಿಮೆ ಬಿದ್ದೀತೆಂಬ ಭಯದಿಂದ ಒಂದು ರೊಟ್ಟಿಯನ್ನು ಹೆಚ್ಚಿಗೆ ಕೊಡುತ್ತಿದ್ದರೆಂಬುದು ಒಂದು ವಿವರಣೆ. ಬೀದಿಯಲ್ಲಿ ಮಾರುವವರಿಗೆ ಲಾಭವೆಂದು ಆ ಹದಿಮೂರನೆಯದನ್ನು ಬಿಡುತ್ತಿದ್ದರೆಂಬುದು ಮತ್ತೊಂದು. ಹೇಗಿದ್ದರೂ ಇಲ್ಲಿ ಡಜನ್ ಎಂಬುದು ಕೊಡುವವನ ಪ್ರಾಮಾಣಿಕತೆಯನ್ನು ಅಳೆಯುವ ಮಾತಾಯಿತು.

ಆದರೆ ಇದೇ ಪದಕ್ಕೆ ಇನ್ನೊಂದು ಮುಖವಿದೆ. 'ಎರಡು ಡಜನ್' ಎಂದರೆ ಖಚಿತವಾಗಿ ಇಪ್ಪತ್ತನಾಲ್ಕು. ಬಹುವಚನದಲ್ಲಿ 'ಡಜನ್ಸ್' ಎಂದಾಗ, ಕನ್ನಡದಲ್ಲಿ 'ಡಜನ್‌ಗಟ್ಟಲೆ' ಎಂದಾಗ, ಲೆಕ್ಕವೇ ಕರಗಿಹೋಗುತ್ತದೆ. ಮೂವತ್ತಿರಬಹುದು, ತೊಂಬತ್ತಿರಬಹುದು. ಮೊಟ್ಟೆಯ ವಿಷಯದಲ್ಲಿ ಹನ್ನೊಂದಿದ್ದರೆ ನಾವು ಒಪ್ಪುವುದಿಲ್ಲ, ಮತ್ತೊಮ್ಮೆ ಎಣಿಸುತ್ತೇವೆ. ದೋಣಿ ಮುಳುಗಿಯೋ ಕಟ್ಟಡ ಕುಸಿದೋ 'ಡಜನ್‌ಗಟ್ಟಲೆ ಜನ ಸತ್ತರು' ಎಂಬ ಸುದ್ದಿಯನ್ನು ಓದಿದಾಗ ಮಾತ್ರ ಎಷ್ಟೆಂದು ಕೇಳದೆ ಪುಟ ತಿರುವುತ್ತೇವೆ.

ಕ್ರಿಸ್ತನ ಹನ್ನೆರಡು ಪ್ರೇಷಿತರನ್ನು ಯಾರೂ 'ಒಂದು ಡಜನ್ ಪ್ರೇಷಿತರು' ಎನ್ನುವುದಿಲ್ಲ. ಶುಭಸಂದೇಶವು ಅವರೆಲ್ಲರ ಹೆಸರುಗಳನ್ನು ಒಂದೊಂದಾಗಿ ಬರೆದಿಟ್ಟಿದೆ, ದ್ರೋಹ ಬಗೆದವನದನ್ನೂ ಬಿಡದೆ. ಡಜನ್ ಲೆಕ್ಕ ವಸ್ತುಗಳಿಗೆ ಒಪ್ಪುತ್ತದೆ. ಏಕೆಂದರೆ ಒಂದು ಮೊಟ್ಟೆಯ ಬದಲಿಗೆ ಮತ್ತೊಂದು ಮೊಟ್ಟೆ ನಡೆದೀತು. ಒಬ್ಬ ಮನುಷ್ಯನ ಬದಲಿಗೆ ಮತ್ತೊಬ್ಬನಲ್ಲ. ನಾಳೆ ಪತ್ರಿಕೆಯಲ್ಲಿ ಆ ಪದ ಕಂಡಾಗ, ಓದುಗರೇ, ಅರೆಗಳಿಗೆ ನಿಂತು ನೋಡೋಣ: ಎಷ್ಟು ಮಂದಿ? ಅವರು ಯಾರು?