ಕೂರಿಗೆ, ಗುಂಟೆ, ಫಂಕ್ಷನ್ ಪಾಯಿಂಟ್: ತಂತ್ರಾಂಶದ ಅಳತೆಯೂ ನಮ್ಮ ಉತಾರವೂ

ಉತ್ತರ ಕರ್ನಾಟಕದಲ್ಲಿ ಹೊಲವನ್ನು ಕೂರಿಗೆಯ ಲೆಕ್ಕದಲ್ಲಿ ಹೇಳುವ ಹಳೆಯ ರೂಢಿಯಿತ್ತು. ಕೂರಿಗೆ ಹೂಡಿ ಒಂದು ದಿನದಲ್ಲಿ ಬಿತ್ತಬಹುದಾದಷ್ಟು ನೆಲವೇ ಒಂದು ಕೂರಿಗೆ. ಎತ್ತು ಬಡಕಲಾದರೆ, ಎರಿ ಗಟ್ಟಿಯಾದರೆ ಅಳತೆಯೇ ಬದಲಾಗುತ್ತದೆ. ಗುಂಟೆಗೆ ಆ ಗೊಡವೆ ಇಲ್ಲ: 33 ಅಡಿ ಉದ್ದ, 33 ಅಡಿ ಅಗಲ, ಅಂಥ 40 ಸೇರಿದರೆ ಎಕರೆ.

ತಂತ್ರಾಂಶದ ಗಾತ್ರವನ್ನು ಬಹುಕಾಲ ಬರೆದ ಸಾಲುಗಳಿಂದ ಎಣಿಸುತ್ತಿದ್ದರು. ಅದು ಕೂರಿಗೆಯ ಲೆಕ್ಕ. ಒಂದೇ ಕೆಲಸಕ್ಕೆ ಅಸೆಂಬ್ಲಿ ಭಾಷೆಯಲ್ಲಿ ಕೋಬಾಲ್‌ಗಿಂತ ಎಷ್ಟೋ ಹೆಚ್ಚು ಸಾಲು ಬೇಕು. ಹೆಚ್ಚು ಬರೆದವನೇ ಹೆಚ್ಚು ದುಡಿದಂತೆ ಕಾಣುತ್ತಾನೆ. ಐಬಿಎಂನ ಅಲನ್ ಆಲ್ಬ್ರೆಕ್ಟ್ 1979ರಲ್ಲಿ ಹುಡುಕಿದ್ದು ಗುಂಟೆಯನ್ನು. ಬರೆದದ್ದನ್ನು ಬಿಟ್ಟು, ಬಳಸುವವನಿಗೆ ಸಿಗುವುದನ್ನು ಅವರು ಎಣಿಸಿದರು: ಒಳಹರಿವಿಗೆ 4, ಹೊರಹರಿವಿಗೆ 5, ವಿಚಾರಣೆಗೆ 4, ಮೂಲ ಕಡತಕ್ಕೆ 10 ಅಂಕ. ಈ ಅಂಕಗಳೇ ಫಂಕ್ಷನ್ ಪಾಯಿಂಟ್. ಬಂದ ಮೊತ್ತವನ್ನು ಕೆಲಸದ ಜಟಿಲತೆ ನೋಡಿ ಶೇ. 25ರವರೆಗೆ ಏರಿಸಬಹುದು, ಇಳಿಸಬಹುದು. 4, 5, 10 ಎಂಬ ತೂಕಗಳು ಯಾವ ಸೂತ್ರದಿಂದಲೂ ಹುಟ್ಟಿದವಲ್ಲ. ಚರ್ಚಿಸಿ, ಪ್ರಯೋಗಿಸಿ ನಿಲ್ಲಿಸಿದವು.

ಈ ಎಣಿಕೆಯನ್ನು ನಮ್ಮ ಕಡೆಯ ರಾಜೂರ ಎಂಬ ಊರಿನ ರೈತನ ಕೈಯಲ್ಲಿರುವ ಕಾಗದಕ್ಕೇ ಹಚ್ಚಿ ನೋಡೋಣ. ಜಮೀನಿನ ದಾಖಲೆಯಾದ ಪಹಣಿಗೆ ನಮ್ಮ ಕಡೆ ಉತಾರ ಎನ್ನುತ್ತಾರೆ. ಪಹಣಿಗಳನ್ನು ಗಣಕಕ್ಕೆ ಇಳಿಸಿದ ಭೂಮಿ ಯೋಜನೆಯ ಆರಂಭದ ದಿನಗಳಲ್ಲಿ, ರಾಜೂರ ಇನ್ನೂ ರೋಣ ತಾಲೂಕಿನಲ್ಲಿದ್ದಾಗ, 15 ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಟಕಿಯಲ್ಲಿ ಅದು ಸಿಗುತ್ತಿತ್ತು. ಅದನ್ನು ಕೊಡುವ ತಂತ್ರಾಂಶದಲ್ಲಿ ಖಾತೆ ಬದಲಾವಣೆಯ ಅರ್ಜಿ, ಅದರ ಆದೇಶ, ಬೆಳೆ ನಮೂದು ಸೇರಿ ಮೂರು ಒಳಹರಿವು, 12. ಉತಾರ ಮತ್ತು ನೋಟಿಸು ಎರಡು ಹೊರಹರಿವು, 10. ಅರ್ಜಿ ಎಲ್ಲಿಗೆ ಬಂತೆಂಬ ವಿಚಾರಣೆ, 4. ಜಮೀನಿನ ಕಡತ, ಅರ್ಜಿಯ ಕಡತ, 20. ಒಟ್ಟು 46. ನಿಜವಾದ ಭೂಮಿ ಇದಕ್ಕಿಂತ ಬಲು ದೊಡ್ಡದು. ಇದು ನಾನು ಕೈಯಾರೆ ಹಾಕಿದ ನಮೂನೆ ಲೆಕ್ಕವಷ್ಟೆ.

ಮುಂದಿನ ಚರಿತ್ರೆ ಹೆಚ್ಚಾಗಿ ತಿದ್ದುಪಡಿಗಳದ್ದು. ಫಂಕ್ಷನ್ ಪಾಯಿಂಟ್ ಬಳಕೆದಾರರ ಅಂತರರಾಷ್ಟ್ರೀಯ ಸಂಘ 1986ರಲ್ಲಿ ಹುಟ್ಟಿ ನಿಯಮಗಳನ್ನು ಬಿಗಿ ಮಾಡಿತು. 1988ರಲ್ಲಿ ಚಾರ್ಲ್ಸ್ ಸೈಮನ್ಸ್ ತೂಕಗಳನ್ನು ಪ್ರಶ್ನಿಸಿ ಮಾರ್ಕ್ 2 ಎಂಬ ಬೇರೆ ವಿಧಾನ ಕೊಟ್ಟರು. ಆಲ್ಬ್ರೆಕ್ಟರ ಏರಿಳಿತವೂ ಶೇ. 35ಕ್ಕೆ ಹಿಗ್ಗಿ, 14 ಲಕ್ಷಣಗಳ ಪಟ್ಟಿಯಾಗಿತ್ತು. 2003ರ ಐಎಸ್‌ಒ ಮಾನದಂಡ ಆ ಪಟ್ಟಿಯನ್ನೇ ಹೊರಗಿಟ್ಟು ಬರಿಯ ಎಣಿಕೆಯನ್ನು ಒಪ್ಪಿತು. ಸರಿಯಾದದ್ದೇ ಆಯಿತು, ಎತ್ತಿನ ದಣಿವನ್ನು ಗುಂಟೆಯೊಳಗೆ ಸೇರಿಸಬಾರದು.

ಆದರೆ ದಣಿವು ಎಲ್ಲಿಯಾದರೂ ದಾಖಲಾಗಬೇಕಲ್ಲ. ಭೂಮಿಯ ನಿಜವಾದ ಭಾರ ಇದ್ದದ್ದು ಸುಮಾರು 2 ಕೋಟಿ ಕೈಬರಹದ ಪಹಣಿಗಳನ್ನು ಗಣಕಕ್ಕೆ ಇಳಿಸುವುದರಲ್ಲಿ, ಅಳಿಸಿದ್ದನ್ನೂ ಗೀಚಿದ್ದನ್ನೂ ಗ್ರಾಮಲೆಕ್ಕಿಗರ ಮುಂದಿಟ್ಟು ತಾಳೆ ನೋಡುವುದರಲ್ಲಿ. ಆಲ್ಬ್ರೆಕ್ಟರ ಲೆಕ್ಕದಲ್ಲಿ ರಾಜೂರೊಂದರ ಜಮೀನಿನ ಕಡತಕ್ಕೆ 10 ಅಂಕ. ಆ 2 ಕೋಟಿಯ ಕಡತಕ್ಕೂ ಅದೇ 10.